ಕೆಮ್ಮುವ ಕ್ಲಾಸು

ಕೈ ತೊಳೆಯುವಾಗ ಅವನಿಗೆ ಗೊತ್ತಾಯಿತು, ಬೋರ್ಡಿನ ಲೆಕ್ಕದಲ್ಲಿ ಎರಡು ಬಿಟ್ಟುಹೋಗಿದೆ ಎಂದು. ಸ್ಟಾಫ್ ರೂಮಿನ ಹೊರಗಿನ ನಲ್ಲಿಯ ಕೆಳಗೆ ಜವಾನ ಅರ್ಧ ತುಂಬಿಸಿಟ್ಟ ಬಕೆಟ್ಟನ್ನು ಅವನೇ ಕಾಲಿನಿಂದ ಆಚೆ ತಳ್ಳಿದ್ದ, ಬೈದುಕೊಂಡೇ ತಳ್ಳಿದ್ದ. ಈ ಕಾಲೇಜಿನಲ್ಲಿ ಯಾವ ವಸ್ತುವೂ ತನ್ನ ಜಾಗದಲ್ಲಿ ಇರುವುದಿಲ್ಲ, ಪ್ರಿನ್ಸಿಪಾಲರೊಬ್ಬರನ್ನು ಬಿಟ್ಟು. ಆ ಮನುಷ್ಯ ಕುರ್ಚಿಗೆ ಅಂಟಿಕೊಂಡೇ ಹುಟ್ಟಿದವನು. ತಳ್ಳಿದ ರಭಸಕ್ಕೆ ಬಕೆಟ್ಟಿನ ನೀರು ತೂಗತೊಡಗಿತ್ತು. ಈ ಅಂಚಿನಲ್ಲಿ ಒಂದು ಬೆರಳು ಇಳಿದರೆ ಆ ಅಂಚಿನಲ್ಲಿ ಒಂದು ಬೆರಳು ಏರುತ್ತಿತ್ತು. ಸೋಪಿನ ನೊರೆ ಹಿಡಿದ ಕೈ ಹಾಗೇ ನಿಂತಿತು. ಒಂದು ಇಳಿದು ಒಂದು ಏರಿದರೆ ನಡುವಿನ ಅಂತರ ಎರಡು ಬೆರಳು. ಒಂದಲ್ಲ, ಎರಡು. ಥೂ, ಎಂದ ಅವನು ಗಟ್ಟಿಯಾಗಿಯೇ. ಪಕ್ಕದಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಲೈಬ್ರರಿಯವರು ತಮಗೇ ಅಂದದ್ದೆಂದು ತಿಳಿದು ಸರಿದು ನಿಂತರು.

ಈಗಷ್ಟೇ ಮುಗಿದ ಕ್ಲಾಸಿನಲ್ಲಿ ಬಿಡಿಸಿದ್ದು ಮೊದಲ ವರ್ಷದವರ ಪುಸ್ತಕದ ಹಳೇ ಲೆಕ್ಕ. ಯು ಆಕಾರದ ಗಾಜಿನ ಕೊಳವೆ, ಅದರಲ್ಲಿ ಅರ್ಧಕ್ಕೆ ನೀರು, ಒಂದು ಬಾಯಿಯಲ್ಲಿ ಊದಿ ಬಿಟ್ಟರೆ ನೀರು ಎರಡು ತೋಳಿನಲ್ಲೂ ಮೇಲೆ ಕೆಳಗೆ ಆಡುತ್ತದೆ. ಒಮ್ಮೆ ಆಡಿ ಬರಲು ಎಷ್ಟು ಹೊತ್ತು? ಆಂದೋಲನವೂ ಇದೆ, ಒತ್ತಡವೂ ಇದೆ, ಒಂದೇ ಏಟಿಗೆ ಎರಡು ಪಾಠ ಮುಗಿಯಿತು ಎಂದು ಪ್ರಶ್ನೆಪತ್ರಿಕೆ ಮಾಡುವ ಸೋಮಾರಿಗಳಿಗೆ ಇದು ಅಚ್ಚುಮೆಚ್ಚು. ನಿದ್ದೆಗಣ್ಣಿನಲ್ಲೂ ಬಿಡಿಸಬಲ್ಲೆ ಎಂದುಕೊಂಡಿದ್ದ. ನೀರು ಒಂದು ತೋಳಿನಲ್ಲಿ ಇಳಿದಷ್ಟೇ ಇನ್ನೊಂದರಲ್ಲಿ ಏರುತ್ತದೆ, ಹಾಗಾಗಿ ಒತ್ತಡದ ವ್ಯತ್ಯಾಸ ಇಳಿದದ್ದರ ಎರಡರಷ್ಟು. ಇಡೀ ಲೆಕ್ಕದ ಜೀವ ಇರುವುದೇ ಆ ಎರಡರಲ್ಲಿ. ಅದನ್ನೇ ಬಿಟ್ಟಿದ್ದ. ಬಿಟ್ಟದ್ದರಿಂದ ಉತ್ತರ ಎಷ್ಟು ಚೊಕ್ಕವಾಗಿ ಬಂದಿತ್ತೆಂದರೆ, ವರ್ಗಮೂಲದೊಳಗೆ ಎಲ್ ಬೈ ಜಿ, ಹಿಂದೆಯೇ ಮಾಡಿ ಮುಗಿಸಿದ ಲೋಲಕದ ಸೂತ್ರದ ಪಡಿಯಚ್ಚು, ಅವನು ಅದಕ್ಕೆ ಚೌಕಟ್ಟು ಹಾಕಿ, ಚಾಕ್‌ಪೀಸನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟು, "ಏನಾದ್ರೂ ಡೌಟ್ ಇದ್ಯಾ? ಎಲ್ಲಿಂದ ಬರುತ್ತೆ, ಡೌಟ್ ಬರೋಕೂ ತಲೆ ಬೇಕಲ್ಲ" ಎಂದಿದ್ದ. ಎಂದಿನಂತೆ ಮುಂದಿನ ಬೆಂಚಿನಲ್ಲಿ ಯಾವುದೋ ಒಂದು ಕೆಮ್ಮಿತು, ಅದರ ಬೆನ್ನಿಗೇ ಕಿಟಕಿಯ ಪಕ್ಕ ಇನ್ನೊಂದು. ಈ ವರ್ಷದ ಬ್ಯಾಚೇ ರೋಗಿಷ್ಠ ಬ್ಯಾಚು. ವರ್ಷದ ಮೊದಲಲ್ಲಿ ಇಷ್ಟಿರಲಿಲ್ಲ, ಬರುಬರುತ್ತಾ ಜಾಸ್ತಿಯಾಗಿದೆ, ಒಂದು ಲೆಕ್ಕ ನೆಟ್ಟಗೆ ಮುಗಿಸಲು ಬಿಡುವುದಿಲ್ಲ. "ಆಸ್ಪತ್ರೆ ಆ ಕಡೆ ಇದೆ, ಇದು ಕಾಲೇಜು" ಎಂದು ಗದರಿದ್ದ. ಧೂಳು ಬೀಳದ ಚಾಕ್‌ಪೀಸು ತರಿಸಿ ಎಂದು ಪ್ರಿನ್ಸಿಪಾಲರಿಗೂ ಹೇಳಿ ನೋಡಿದ್ದ. ಅವರು ಕುರ್ಚಿಯಿಂದ ಏಳದೆ, "ಬಿಸಿನೀರು ಕುಡಿಯೋಕೆ ಹೇಳಿ ಸಾರ್" ಎಂದಿದ್ದರು.

ವಾಪಸು ಹೋಗಿ ಒಂದೇ ಒಂದು ಎರಡು ಬರೆದು ಬಂದರಾಯಿತು. ಮೆಟ್ಟಿಲ ಬುಡದವರೆಗೂ ಹೋದ. ಆದರೆ ಚಾಕ್‌ಪೀಸಿನ ನಿಯಮವೊಂದಿತ್ತಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುರುಪಿನಿಂದ ಮಾಡಿದ ನಿಯಮ: ಬೋರ್ಡಿನ ಮೇಲೆ ನಾನು ತಪ್ಪು ಮಾಡಿದ್ದು ಯಾರಿಗೆ ಕಂಡರೂ ಎದ್ದು ಚಾಕ್‌ಪೀಸು ಕೇಳಬಹುದು, ಕೊಟ್ಟು, ಅವರ ಜಾಗದಲ್ಲಿ ಹೋಗಿ ಕೂತು, ಬೆಲ್ಲಾಗುವವರೆಗೂ ಅವರು ಹೇಳಿದ್ದು ಬರೆದುಕೊಳ್ಳುತ್ತೇನೆ. ಇದುವರೆಗೆ ಯಾರೂ ಅವನನ್ನು ಕೂರಿಸಿಲ್ಲ. ಆ ಮಾತನ್ನು ಅವನು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂರುವ ಮುಂಚೆ ಕೂಡ ಹೇಳಿದ್ದಾನೆ. ಈ ವರ್ಷ ಒಬ್ಬಳು ಎದ್ದಿದ್ದಳು, ಗುಬ್ಬಚ್ಚಿ ಎಂದು ಅವನೇ ಹೆಸರಿಟ್ಟ ಪುಟ್ಟ ಹುಡುಗಿ, "ಸರ್, ಚಾಕ್‌ಪೀಸ್" ಎಂದು. ಲೋಲಕದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು, ಅವಳು ದಾರ ಮುಗಿಯುವವರೆಗೆ ಸಾಕು ಎಂದುಕೊಂಡಿದ್ದಳು. ಅದು ಅವಳು ಬಾಯಿ ಬಿಡುವ ಮೊದಲೇ ಅವನಿಗೆ ತಿಳಿದಿತ್ತು. ಆದರೂ ತಡೆಯಲಿಲ್ಲ. ಚಾಕ್‌ಪೀಸು ಕೊಟ್ಟು, ಕೈಕಟ್ಟಿ ನಿಂತು, ಕೊನೆಯ ಸಾಲಿನವರೆಗೂ ಬರೆಯಲು ಬಿಟ್ಟು, ಆಮೇಲೆ ಕ್ಲಾಸಿನ ಕಡೆ ತಿರುಗಿ, "ಈಗ ಯಾರು ಯಾರನ್ನ ತಿದ್ದಬೇಕು ಹೇಳ್ರಪ್ಪಾ" ಎಂದಿದ್ದ. ಕ್ಲಾಸು ನಕ್ಕಿತ್ತು. ಅವತ್ತಿನಿಂದ ಗುಬ್ಬಚ್ಚಿ ಕೊನೆಯ ಬೆಂಚಿಗೆ ಹೋಗಿ ಕೂತಿದ್ದಾಳೆ. ಕೂರಲಿ, ತಪ್ಪಿಗೆ ಬೆಲೆ ಇರುತ್ತದೆ ಎಂದು ಕಲಿತಳಲ್ಲ, ಅದೂ ಪಾಠವೇ. ಈಗ ತಾನಾಗಿ ಹೋಗಿ ಆ ಎರಡನ್ನು ಬರೆದರೆ ಅದೇ ನಲವತ್ತು ಮುಖ ತನ್ನನ್ನು ನೋಡುತ್ತವೆ. ಅವನು ಮೆಟ್ಟಿಲ ಬುಡದಿಂದ ತಿರುಗಿ ಬಂದ.

"ಏನ್ ಸಾರ್, ಇವತ್ತಾದ್ರೂ ಯಾರಾದ್ರೂ ಚಾಕ್‌ಪೀಸ್ ಕಿತ್ಕೊಂಡ್ರಾ?" ಎಂದ ಕೆಮಿಸ್ಟ್ರಿಯವನು, ಡಬ್ಬಿ ಬಿಚ್ಚುತ್ತಾ. ದಿನಾ ಕೇಳುವ ಪ್ರಶ್ನೆ, ದಿನಾ ನಗುವ ಅದೇ ನಗು. ಮಕ್ಕಳಿಗೆ ಜೋಕು ಹೇಳಿ, ಬಣ್ಣದ ನೀರು ತೋರಿಸಿ ಪ್ರೀತಿ ಗಳಿಸುವ ಜಾತಿ. ದಿನಾ ಕೊಡುವ ಉತ್ತರ ಬಿಟ್ಟು ಇವತ್ತು, "ಯಾಕೆ? ಯಾರಾದ್ರೂ ಏನಾದ್ರೂ ಅಂದ್ರಾ?" ಎಂದುಬಿಟ್ಟ. ಕೆಮಿಸ್ಟ್ರಿಯವನು ತುತ್ತು ಕೈಯಲ್ಲೇ ಹಿಡಿದು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. "ಇಲ್ಲಪ್ಪ, ಸುಮ್ನೆ ಕೇಳ್ದೆ" ಎಂದು ಅವನು ಡಬ್ಬಿಯೊಳಗೆ ಮುಖ ತಗ್ಗಿಸಿದ. ಆ ತಗ್ಗಿಸುವಿಕೆಯಲ್ಲಿ ಏನೋ ಇತ್ತು. ಇವನಿಗೂ ಗೊತ್ತೇ? ಇದು ಮೊದಲ ಸಲವಲ್ಲವೇ? ಊಟ ರುಚಿಸಲಿಲ್ಲ. ಎರಡೂ ಎಡಗೈ, ಎಂದಿತು ತಲೆಯೊಳಗೆ ಯಾರದೋ ದನಿ. ಅದು ತನ್ನದೇ, ಮೀಸೆ ಮೂಡುವ ಕಾಲದ್ದು. ಅಪ್ಪ ಅಂಗಿ ಹೊಲಿಯುತ್ತಿದ್ದವನು, ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದವನು. ಒಂದು ದಿನ ಗಿರಾಕಿಯೊಬ್ಬರ ಅಂಗಿಗೆ ಎರಡೂ ತೋಳು ಎಡಗೈಯದ್ದೇ ಹೊಲಿದು ಇಸ್ತ್ರಿ ಮಾಡಿ ಕೊಟ್ಟಿದ್ದ. ಗಿರಾಕಿ ಅಂಗಿಯನ್ನು ಬಿಡಿಸಿ ನೋಡಿ, ಮತ್ತೆ ಮಡಚಿ ತೆಗೆದುಕೊಂಡು ಹೋದರು. ಅಪ್ಪನಿಗೆ ತಿಳಿಯಲೇ ಇಲ್ಲ. ಪಕ್ಕದಲ್ಲಿ ಗುಂಡಿ ಹಾಕುತ್ತಾ ಕೂತಿದ್ದ ಮಗ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ಏನಪ್ಪಾ, ಎರಡೂ ಎಡಗೈ!" ಎಂದಿದ್ದ. ಅಪ್ಪ ತನ್ನ ಎರಡು ಕೈಗಳನ್ನು ಮುಂದೆ ಚಾಚಿ ಒಂದಾದ ಮೇಲೆ ಒಂದು ನೋಡಿಕೊಂಡಿದ್ದ. ಅಲ್ಲಿಂದ ಮುಂದೆ ಅಪ್ಪನ ಕೈ, ನೆನಪು ಎಲ್ಲ ಬೇಗ ಬೇಗ ಇಳಿಯಿತು. ಡಬ್ಬಿ ಮುಚ್ಚಿದ ಅವನು, ಅಪ್ಪನಿಗೆ ಆಗ ವಯಸ್ಸಾಗಿತ್ತು ಎಂದುಕೊಂಡ. ಆಮೇಲೆ ಎಷ್ಟಾಗಿತ್ತು ಎಂದು ನೆನಪು ಮಾಡಿಕೊಂಡು, ನೆನಪಾದದ್ದು ತನ್ನ ಈಗಿನ ವಯಸ್ಸಿನ ಆಸುಪಾಸೇ ಇದ್ದದ್ದು ಸೇರದೆ, ಎದ್ದು ನೀರು ಕುಡಿಯಲು ಹೋದ.

ಈಗ ತಿಳಿಯಬೇಕಾದದ್ದು ಒಂದೇ: ಕಂಡಿತೋ ಇಲ್ಲವೋ. ಕಂಡಿಲ್ಲವೆಂದರೆ ಇವು ಅವನು ಮೊದಲಿನಿಂದ ಹೇಳುತ್ತ ಬಂದ ಕುರಿಮಂದೆಯೇ, ಚೌಕಟ್ಟು ಹಾಕಿ ಸಗಣಿ ಬರೆದರೂ ಬರೆದುಕೊಳ್ಳುವ ಮಂದೆ. ಇಷ್ಟು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು. ಕಂಡಿತೆಂದರೆ? ಕಂಡೂ ಸುಮ್ಮನಿದ್ದರೆ? ಅದನ್ನು ಯೋಚಿಸದೆ ಅವನು ಬ್ಯಾಗು ಹೆಗಲಿಗೇರಿಸಿ ಹೊರಟ. ಸೈಕಲ್ ನಿಲ್ಲಿಸುವಲ್ಲಿ ಸೋಡಾಬುಡ್ಡಿ ಸಿಕ್ಕಿದ, ಕ್ಲಾಸಿಗೇ ಮೊದಲಿಗ, ದಪ್ಪ ಕನ್ನಡಕದ ಹಿಂದೆ ಕಣ್ಣು ಎಲ್ಲಿದೆಯೆಂದು ಹುಡುಕಬೇಕು. "ಏನೋ, ಇವತ್ತಿನದು ಅರ್ಥ ಆಯ್ತೇನೋ?" "ಆಯ್ತು ಸರ್." "ಕೊಳವೆ ಲೆಕ್ಕ?" "ಚೆನ್ನಾಗಿತ್ತು ಸರ್." "ಚೆನ್ನಾಗಿರೋಕೆ ಅದೇನು ಸಿನಿಮಾನಾ? ಸರಿ ಇತ್ತಾ?" ಸೋಡಾಬುಡ್ಡಿ ಸೈಕಲ್ಲಿನ ಬೀಗದ ಕೈಯನ್ನು ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ. "ನೀವು ಮಾಡಿದ್ದಲ್ವಾ ಸರ್" ಎಂದ. ಎಂಥ ಮಾತು! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ದೊಡ್ಡವನಾದರೆ ಇವನು ಖಂಡಿತ ಪ್ರಿನ್ಸಿಪಾಲನಾಗುತ್ತಾನೆ ಎಂದುಕೊಂಡು ಅವನು ಮನೆಯ ದಾರಿ ಹಿಡಿದ.

ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಮಗಳು ಕೂತಿದ್ದಳು. ಅವಳೂ ಅದೇ ಕ್ಲಾಸು, ಎರಡನೇ ಬೆಂಚು, ಗೋಡೆಯ ಪಕ್ಕ. ಕ್ಲಾಸಿನಲ್ಲಿ ಅವಳು ಅವನನ್ನು ಸರ್ ಎನ್ನುತ್ತಾಳೆ, ಅವನು ಅವಳನ್ನು ಏನೂ ಎನ್ನುವುದಿಲ್ಲ. ಅಪ್ಪ ಮಗಳು ಎಂದು ಯಾರೂ ಬೊಟ್ಟು ಮಾಡಬಾರದೆಂದು ಉಳಿದವರಿಗಿಂತ ಒಂದು ಹಿಡಿ ಜಾಸ್ತಿಯೇ ಬೈಯುತ್ತಾನೆ. ಮೂಗಿನ ತುದಿಯ ಸಿಟ್ಟು, ಎದುರಿನವರನ್ನು ಅಳೆದು ಬಿಸಾಡುವ ನೋಟ, ಎಲ್ಲ ಅವನದೇ ಅಚ್ಚು ಎಂದು ಹೆಂಡತಿ ಅನ್ನುತ್ತಾಳೆ. ಅವನು ಎದುರು ಕುರ್ಚಿ ಎಳೆದು ಕೂತು, ಟೀ ಬರುವವರೆಗೂ ತಡೆದು, ಒಂದು ಖಾಲಿ ಹಾಳೆಯನ್ನು ಅವಳ ಕಡೆ ಸರಿಸಿದ.

"ಇವತ್ತಿನ ಕೊಳವೆ ಲೆಕ್ಕ ಮಾಡಿ ತೋರಿಸು ನೋಡೋಣ."

"ಈಗ್ಲಾ? ಕ್ಲಾಸಲ್ಲಿ ಮಾಡಿದ್ರಲ್ಲ."

"ನಾನು ಮಾಡಿದ್ದು ನಂಗೊತ್ತು. ನೀನು ಮಾಡು."

ಅವಳು ಪೆನ್ನಿನ ಮುಚ್ಚಳ ಕಚ್ಚಿ ಅವನನ್ನೊಮ್ಮೆ ನೋಡಿದಳು. ಆಮೇಲೆ ಬರೆದಳು. ಕೊಳವೆ ಬರೆದು, ಈ ತೋಳಿನಲ್ಲಿ ಇಳಿದದ್ದು, ಆ ತೋಳಿನಲ್ಲಿ ಏರಿದ್ದು, ನಡುವೆ ಉದ್ದದ ಬಾಣ ಎಳೆದು, ಬಾಣದ ಪಕ್ಕ ಎರಡು ಎಂದು ಬರೆದಳು. ತಡವರಿಸಲಿಲ್ಲ. ವರ್ಗಮೂಲದೊಳಗೆ ಎಲ್ ಬೈ ಟೂ ಜಿ. ಹಾಳೆಯನ್ನು ಅವನ ಕಡೆ ತಿರುಗಿಸಿ ಇಟ್ಟು ಟೀ ಲೋಟ ಎತ್ತಿಕೊಂಡಳು. ಅವನಿಗೆ ಮೊದಲು ಆದದ್ದು ಸಂತೋಷ, ಅಪ್ಪನಿಗೆ ಆಗುವಂಥದ್ದು. ಅದರ ಬಾಲ ಹಿಡಿದೇ ಇನ್ನೊಂದು ಬಂತು.

"ಕ್ಲಾಸಲ್ಲಿ ನಾನೇನು ಬರೆದಿದ್ದೆ?"

"ಎರಡು ಬಿಟ್ಟಿದ್ರಿ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಎದ್ದು ಚಾಕ್‌ಪೀಸ್ ಕೇಳೋಕೇನಾಗಿತ್ತು?"

"ಕೇಳಿದ್ರೆ ನೀವು ಬಂದು ನನ್ನ ಜಾಗದಲ್ಲಿ ಕೂರಬೇಕಿತ್ತಲ್ಲ."

"ಕೂರ್ತಿದ್ದೆ. ನಿಯಮ ಅಂದ್ರೆ ನಿಯಮ."

"ನಮಗೆ ನೋಡೋಕಾಗಲ್ಲ ಅಪ್ಪ."

ನಮಗೆ. ಅವನು ಆ ಮಾತನ್ನು ಹಿಡಿದ. "ನಮಗೆ ಅಂದ್ರೆ? ಎಷ್ಟು ಜನಕ್ಕೆ ಗೊತ್ತು?" ಅವಳು ಟೀ ಊದಿದಳು, ಕುಡಿಯಲಿಲ್ಲ. "ಎಲ್ಲಾರ್ಗೂ" ಎಂದಳು. "ಮೊದಲು ಕಂಡವರು ಕೆಮ್ತಾರೆ. ಕೆಮ್ಮಿದ್ರೆ ಆ ಸಾಲಿಗೆ ಚುಕ್ಕೆ ಇಟ್ಕೊಂಡು ಆಮೇಲೆ ತಿದ್ಕೊಳ್ಳೋದು."

ಒಳಗೆ ಬಟ್ಟೆ ಮಡಚುವ ಸದ್ದು ನಿಂತಿತ್ತು. ಅವನಿಗೆ ಕೆಮ್ಮುಗಳು ನೆನಪಾದವು, ಒಂದೊಂದಾಗಿ ಅಲ್ಲ, ರಾಶಿಯಾಗಿ. ಮುಂದಿನ ಬೆಂಚಿನದು, ಕಿಟಕಿಯ ಪಕ್ಕದ್ದು, ಸ್ಪ್ರಿಂಗಿನ ಲೆಕ್ಕದ ದಿನ ಆ ಮೂಲೆಯಿಂದ ಈ ಮೂಲೆಗೆ ಹಬ್ಬಿದ್ದು; ಅವತ್ತು ಅವನು ಡಸ್ಟರಿನಿಂದ ಮೇಜು ಗುದ್ದಿ, ಹೋಗಿ ಎಲ್ಲರೂ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದಿದ್ದ. ಎಕ್ಸ್‌ರೇ! ಅವರು ಆಗ ತಲೆ ತಗ್ಗಿಸಿದ್ದರು, ನಾಚಿಕೆಯಿಂದ ಎಂದುಕೊಂಡಿದ್ದ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿಗೆ ಊರೆಲ್ಲಾ ಕತ್ತಲೆ ಅನ್ನಿಸಿದ ಹಾಗೆ. ಮುಖಕ್ಕೆ ರಕ್ತ ಏರಿ ಕಿವಿ ಬಿಸಿಯಾಯಿತು. "ಓಹೋ, ಎಲ್ಲಾ ಸೇರಿ ಆಡಿಕೊಳ್ಳೋಕೆ ಒಂದು ವ್ಯವಸ್ಥೆ ಮಾಡ್ಕೊಂಡಿದ್ದೀರಿ" ಎಂದ. ದನಿ ಎಣಿಸಿದಷ್ಟು ಗಟ್ಟಿಯಾಗಿ ಬರಲಿಲ್ಲ.

"ಆಡ್ಕೊಳ್ಳೋ ಹಾಗಿದ್ರೆ ಚಾಕ್‌ಪೀಸೇ ಕೇಳ್ತಿದ್ವಿ" ಎಂದಳು ಮಗಳು, ಅವನದೇ ಸಿಟ್ಟಿನಿಂದ. "ಗುಬ್ಬಚ್ಚಿಗೆ ನೀವು ಮಾಡಿದ್ದನ್ನ ನಾವು ನಿಮಗೆ ಮಾಡಬೇಕಿತ್ತಾ? ಅವಳೇ ಬೇಡ ಅಂದ್ಲು."

"ಯಾರು ಶುರು ಮಾಡಿದ್ದು ಇದನ್ನ?"

ಅವಳು ಲೋಟ ಕೆಳಗಿಟ್ಟಳು. "ಮೊದಲನೇ ಸಲ ನಂಗೆ ನಿಜವಾಗ್ಲೂ ಕೆಮ್ಮು ಬಂದಿತ್ತು. ಯಾರದು ಅಂತ ನೀವು ಬೈಯೋಕೆ ತಿರುಗಿದ್ರಿ, ಮತ್ತೆ ಬೋರ್ಡ್ ನೋಡಿದ್ರಿ, ತಪ್ಪು ನಿಮ್ಮ ಕಣ್ಣಿಗೇ ಬಿತ್ತು, ನೀವೇ ಒರೆಸಿ ಸರಿ ಮಾಡಿದ್ರಿ. ಸರಿ, ಹೀಗೇ ಮಾಡಿದ್ರಾಯ್ತು ಅಂದ್ಕೊಂಡ್ವಿ. ಕೆಮ್ಮಿದ್ರೆ ತಿರುಗ್ತೀರಿ, ನೋಡ್ತೀರಿ, ತಿದ್ತೀರಿ. ಆಗೆಲ್ಲ ಹಾಗೇ ಆಗ್ತಿತ್ತು." ಅವಳು ಪೆನ್ನಿಗೆ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. "ಈಗೀಗ ನೀವು ತಿರುಗಿ ನೋಡಿದ್ರೂ ನಿಮಗೆ ಕಾಣಿಸ್ತಿಲ್ಲ ಅಪ್ಪ."

ಇಬ್ಬರೂ ಹಾಳೆಯನ್ನು ನೋಡಿದರು. ಆ ಎರಡು ಅಲ್ಲಿ ದುಂಡಗೆ ಕೂತಿತ್ತು. ಹೆಂಡತಿ ಬಾಗಿಲಿಗೆ ಬಂದು, ಮಡಚಿದ ಟವಲನ್ನು ಎದೆಗೊತ್ತಿ ನಿಂತಳು. ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಕೆಮ್ಮುವವರು ಇರಲಿಲ್ಲ ಅಷ್ಟೆ.

"ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋಣ್ವಾ?" ಎಂದಳು ಮಗಳು.

"ಕೆಮ್ಮೋದು ನೀವು, ಡಾಕ್ಟರು ನನಗಾ?" ಎಂದ ಅವನು. ಬೇರೆ ದಿನವಾಗಿದ್ದರೆ ಒಳ್ಳೆಯ ಮಾತೆಂದು ಯಾರಾದರೂ ನಗುತ್ತಿದ್ದರು.

ಬೆಳಿಗ್ಗೆ ಅವನು ಮುಂಚೆಯೇ ಹೋದ. ಬೋರ್ಡನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸಿದ. ಭಯವಿರಲಿಲ್ಲ ಎಂದರೆ ಸುಳ್ಳು, ಆದರೆ ಭಯಕ್ಕಿಂತ ರೋಷ ದೊಡ್ಡದಿತ್ತು: ಒಂದು ಲೆಕ್ಕ, ಒಂದೇ ಒಂದು ಲೆಕ್ಕವನ್ನು ಒಂದೂ ಕೆಮ್ಮಿಲ್ಲದೆ ಮುಗಿಸಿ ತೋರಿಸಬೇಕು. ನಿನ್ನೆಯದು ದಣಿವು, ನಿದ್ದೆಗೇಡು. ನಲವತ್ತು ಕತ್ತೆಗಳು ತನಗೆ ವಯಸ್ಸಾಯಿತೆಂದು ಸಭೆ ಸೇರಿ ತೀರ್ಮಾನ ಮಾಡುವಷ್ಟು ಏನೂ ಆಗಿಲ್ಲ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದವನು ಎದ್ದು ನಡೆದು ತೋರಿಸಬೇಕು. ಕ್ಲಾಸು ತುಂಬಿತು. ಮಗಳು ಗೋಡೆಯ ಪಕ್ಕ ಕೂತಳು, ತಲೆ ಎತ್ತಲಿಲ್ಲ. ಅವನು ತೇಲುವ ಮರದ ತುಂಡಿನ ಲೆಕ್ಕ ತೆಗೆದುಕೊಂಡ: ನೀರಿನಲ್ಲಿ ನೆಟ್ಟಗೆ ನಿಂತ ಮರದ ತುಂಡು, ಬೆರಳಿನಿಂದ ಒಂದಿಷ್ಟು ಅದುಮಿ ಬಿಟ್ಟರೆ ಏರಿಳಿಯುತ್ತದೆ, ಒಮ್ಮೆ ಏರಿಳಿಯಲು ಎಷ್ಟು ಹೊತ್ತು. ಅದುಮಿದಷ್ಟು ನೀರಿನ ಒತ್ತಡ ಅದನ್ನು ಮೇಲೆ ತಳ್ಳುತ್ತದೆ, ಎಂದು ಬರೆದ. ನಿಧಾನವಾಗಿ ಬರೆದ. ತಳ್ಳುವ ಬಲ ಒಂದು ಸಾಲು. ತುಂಡಿನ ಉದ್ದ, ಅಗಲ, ಎತ್ತರ ಇನ್ನೊಂದು ಸಾಲು. ತುಂಡಿನ ದ್ರವ್ಯರಾಶಿ ಮೂರನೆಯದು. ಒಂದೊಂದು ಸಾಲು ಮುಗಿದಾಗಲೂ ಕಿವಿ ತಾನಾಗಿ ಹಿಂದಕ್ಕೆ ಹೊರಳುತ್ತಿತ್ತು. ಫ್ಯಾನಿನ ಸದ್ದು, ಪುಟ ತಿರುವುವ ಸದ್ದು, ಅಷ್ಟೆ. ಮೇಲಿನದು ಕೆಳಗಿನದು ಹೊಡೆದುಹೋಗಿ ಉತ್ತರ ಸಣ್ಣಗೆ, ಚೊಕ್ಕವಾಗಿ ಉಳಿಯಿತು, ವರ್ಗಮೂಲದೊಳಗೆ ಎಚ್ ಬೈ ಜಿ. ಅವನು ಚೌಕಟ್ಟು ಹಾಕಿದ. ಮನಸ್ಸು ಹಗುರಾಯಿತು. ತಿರುಗಿ, ಬಾಯಿಗೆ ಬಂದ ಮೂದಲಿಕೆಯನ್ನು ಇನ್ನೇನು ಆಡಬೇಕು, ಆಗ ಕೊನೆಯ ಬೆಂಚಿನಲ್ಲಿ ಗುಬ್ಬಚ್ಚಿ ಕೆಮ್ಮಿದಳು.

ಸಣ್ಣ ಕೆಮ್ಮು, ಕೈ ಅಡ್ಡ ಹಿಡಿದು, ಬೇಕೋ ಬೇಡವೋ ಎನ್ನುವಂತೆ. ಅವನು ಬೋರ್ಡಿನ ಕಡೆ ತಿರುಗಿದ. ಮೊದಲ ಸಾಲು ಓದಿದ, ಸರಿಯಿದೆ. ಎರಡನೆಯದು ಸರಿಯಿದೆ. ಮೂರನೆಯದು ಸರಿಯಿದೆ. ಕೆಳಗಿನಿಂದ ಮೇಲಕ್ಕೆ ಓದಿದ. ಎಲ್ಲ ಸರಿಯಿತ್ತು, ಅದೂ ಎಷ್ಟು ಚೊಕ್ಕ, ಎಷ್ಟು ಪರಿಚಿತ. ನಿಜವಾದ ಕೆಮ್ಮೇ ಇರಬೇಕು. ಅವಳಿಗೆ ನೆಗಡಿಯಿರಬೇಕು. ಹಾಗಾದರೆ ಯಾರೂ ಯಾಕೆ ಉಸಿರಾಡುತ್ತಿಲ್ಲ? ಬೆನ್ನ ಹಿಂದೆ ನಲವತ್ತು ಜನ ಅವನಿಗೆ ಕಾಣಲಿ ಎಂದು ಕಾಯುತ್ತಿದ್ದರು. ಮಗು ಮೊದಲ ಹೆಜ್ಜೆ ಇಡುವಾಗ ಮನೆಯವರೆಲ್ಲ ಬಾಗಿ ಕಾಯುವ ಹಾಗೆ, ಅದಕ್ಕಿಂತ ದೊಡ್ಡ ಅವಮಾನ ಅವನ ಜನ್ಮದಲ್ಲಿ ಇರಲಿಲ್ಲ. ಅವನು ನಾಲ್ಕನೆಯ ಸಲ ಓದಿದ. ಅಂಗಿಯನ್ನು ಬಿಡಿಸಿ ಹಿಡಿದ ಗಿರಾಕಿ, ಕೈಗಳನ್ನು ಮುಂದೆ ಚಾಚಿದ ಅಪ್ಪ. ಅಪ್ಪನಿಗೂ ಅಂಗಿ ಸರಿಯಾಗಿಯೇ ಕಂಡಿತ್ತು.

"ಎಲ್ಲಿ?" ಎಂದ ಅವನು.

ಯಾರಿಗೂ ಅರ್ಥವಾಗಲಿಲ್ಲ, ತನಗೆ ತಿಳಿಯದ್ದೇನನ್ನೂ ಅವನು ಅವರನ್ನು ಯಾವತ್ತೂ ಕೇಳಿದವನಲ್ಲ. ಬೋರ್ಡಿನ ಕಡೆಯೇ ಮುಖವಿಟ್ಟು ಮತ್ತೆ ಕೇಳಿದ, "ನಂಗೆ ಕಾಣಿಸ್ತಿಲ್ಲ. ಎಲ್ಲಿ?"

ಗೋಡೆಯ ಪಕ್ಕ ಬೆಂಚು ಸರಿದ ಸದ್ದಾಯಿತು. "ಮೂರನೇ ಸಾಲು, ಸರ್" ಎಂದಳು ಮಗಳು. "ಮರದ ಸಾಂದ್ರತೆ ಬರಬೇಕಿತ್ತು. ನೀರಿನದು ಬರೆದಿದ್ದೀರಿ. ಅದಕ್ಕೇ ಎರಡೂ ಹೊಡೆದುಹೋಗಿ ಮತ್ತೆ ಲೋಲಕ ಬಂದಿದೆ." ಅವನು ಮೂರನೆಯ ಸಾಲು ನೋಡಿದ. ಈಗ ಕಂಡಿತು. ಹೇಳಿದ ಮೇಲೆ ಕುರುಡನಿಗೂ ಕಾಣುತ್ತದೆ. ಅವನು ಚಾಕ್‌ಪೀಸನ್ನು ಅವಳ ಕಡೆ ಚಾಚಿದ. ಅವಳು ತಲೆ ಅಲ್ಲಾಡಿಸಿದಳು, ಬೇಡ ಎಂದು, ಮಗಳಾಗಿ. ಅವನು ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಬಂದು ತೆಗೆದುಕೊಂಡಳು.

ಅವನು ವೇದಿಕೆಯಿಂದ ಒಂದು ಮೆಟ್ಟಿಲು ಇಳಿದ, ಅವಳು ಒಂದು ಮೆಟ್ಟಿಲು ಏರಿದಳು. ಎರಡನೇ ಬೆಂಚಿನಲ್ಲಿ, ಗೋಡೆಯ ಪಕ್ಕ, ಅವಳ ಜಾಗ ಇನ್ನೂ ಬೆಚ್ಚಗಿತ್ತು. ಪಕ್ಕದ ಹುಡುಗಿ ಸರಿದು ಕೂತು ಒಂದು ಪೆನ್ನು ಕೊಟ್ಟಳು. ಯಾರೂ ನಗಲಿಲ್ಲ, ನಕ್ಕಿದ್ದರೆ ಬೈಯಬಹುದಿತ್ತು. ಇಲ್ಲಿಂದ ಬೋರ್ಡು ಎಷ್ಟು ಎತ್ತರದಲ್ಲಿ ಕಾಣುತ್ತದೆ, ಅಲ್ಲಿ ನಿಂತವರು ಎಷ್ಟು ಎತ್ತರ ಕಾಣುತ್ತಾರೆ ಎಂದು ಇಷ್ಟು ವರ್ಷದಲ್ಲಿ ಅವನು ನೋಡಿರಲಿಲ್ಲ. ಮಗಳು ಮೂರನೆಯ ಸಾಲನ್ನು ಡಸ್ಟರಿನಿಂದ ಒರೆಸಿದಳು, ಅವನ ಉಳಿದ ಸಾಲುಗಳನ್ನು ಮುಟ್ಟಲಿಲ್ಲ. ಬರೆಯತೊಡಗಿದಳು. ಒರೆಸಿದ ಧೂಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಾ ಮುಂದಿನ ಬೆಂಚುಗಳ ಮೇಲೆ ಇಳಿಯಿತು, ಅವನ ಗಂಟಲಿಗೂ ಹೋಯಿತು. ಒಂದು ನಿಜವಾದ ಕೆಮ್ಮು ಎದೆಯ ಆಳದಿಂದ ಎದ್ದು ಬಂತು. ಅವಳು ಸರಿಯಾಗಿಯೇ ಬರೆಯುತ್ತಿದ್ದಳು, ಒಂದಕ್ಷರವೂ ತಪ್ಪಿರಲಿಲ್ಲ. ಈಗ ಕೆಮ್ಮಿದರೆ ಮಗಳು ತಪ್ಪಾಯಿತೆಂದು ಹೆದರಿ ತಿರುಗಿ ನೋಡುತ್ತಾಳೆ. ಅವನು ಬಾಯಿಗೆ ಅಂಗಿಯ ತೋಳನ್ನು ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬಂದರೂ ಬಿಡದೆ, ಬೆಲ್ಲಾಗುವವರೆಗೂ ಅದನ್ನು ನುಂಗುತ್ತಾ ಕೂತ.